ಏಕಾದಶಿ ಮಾಡದ ಪಚ್ಚಿಲೆ

ಜೀವಂತ ಪಚ್ಚಿಲೆಯ ಮೈಯೊಳಗೆ ಸೀಸ ಎಲ್ಲಿ ಕುಳಿತಿದೆ, ಪಾದರಸ ಎಲ್ಲಿ ಅಡಗಿದೆ ಎಂದು ಬಣ್ಣಬಣ್ಣವಾಗಿ ತೋರಿಸುವ ಯಂತ್ರವೊಂದು ಬಂದರೆ ಲೋಕಕ್ಕೆ ಒಳ್ಳೆಯದೇ ಆಗಬೇಕು. ಆಯಿತು ಕೂಡ, ಅಲ್ಲಲ್ಲಿ. ಆದರೆ ಪಡುಗೋಡಿಯ ಕಡಲಜೀವಿ ಸಂಶೋಧನಾ ಕೇಂದ್ರಕ್ಕೆ ಅದು ಬಂದ ದಿನ ನಳಿನಾಕ್ಷಿಯ ಹೊಟ್ಟೆಯಲ್ಲಿ ಹೊತ್ತಿಕೊಂಡ ಉರಿಯನ್ನು ತೋರಿಸುವ ಯಂತ್ರ ಯಾವ ದೇಶದಲ್ಲೂ ಇರಲಿಲ್ಲ. ಇದ್ದಿದ್ದರೆ ಅದರ ಪರದೆ ಕರಗಿ ನೆಲಕ್ಕೆ ಇಳಿಯುತ್ತಿತ್ತು.

ಉರಿ ಯಂತ್ರದ ಮೇಲಲ್ಲ, ಅದನ್ನು ತಂದವಳ ಮೇಲೆ. ತಂದವಳು ಸುಪ್ರಭಾ, ನಳಿನಾಕ್ಷಿಯ ಗಂಡ ಯಾದವನ ಒಬ್ಬಳೇ ತಂಗಿ. ಹೊರಗಿನವಳಾಗಿದ್ದರೆ ಸಂಜೆ ಆಫೀಸಿನ ಬಾಗಿಲು ಹಾಕಿ ಬಂದರೆ ಮುಗಿಯಿತು. ಬೆಳಗ್ಗೆಯವರೆಗೆ ಅವಳ ಮುಖ ನೋಡಬೇಕಾಗಿಲ್ಲ. ಇವಳೋ, ಪ್ರಯೋಗಾಲಯದಲ್ಲಿ ಪಕ್ಕದ ಮೇಜು, ಮನೆಯಲ್ಲಿ ಪಕ್ಕದ ಕೋಣೆ, ಊಟಕ್ಕೆ ಕುಳಿತರೆ ಎದುರಿನ ಮಣೆ. ಹೊಟ್ಟೆಕಿಚ್ಚಿಗೂ ಒಂದು ರಜೆ ಬೇಕಲ್ಲ!

ಪಚ್ಚಿಲೆ ಎಂದರೆ ಕಡಲ ಕಲ್ಲುಗಳಿಗೆ ಗೊಂಚಲು ಗೊಂಚಲಾಗಿ ಅಂಟಿಕೊಂಡು ಬದುಕುವ ಚಿಪ್ಪುಜೀವಿ; ಪುಸ್ತಕದಲ್ಲಿ ಅದಕ್ಕೆ ನೀಲಿಕಲ್ಲು ಎನ್ನುತ್ತಾರೆ. ಹೋಗಿ ಆಹಾರ ಹುಡುಕಲು ಅದಕ್ಕೆ ಕಾಲಿಲ್ಲ, ಕಚ್ಚಲು ಹಲ್ಲಿಲ್ಲ. ಹಗಲೂ ರಾತ್ರಿ ನೀರನ್ನು ಒಳಗೆಳೆದು, ಸೋಸಿ, ಹೊರಗೆ ಬಿಡುವುದೇ ಅದರ ಬದುಕು. ನೀರಿನಲ್ಲಿ ವಿಷವಿದ್ದರೆ ವಿಷವೂ ಒಳಗೆ ಹೋಗುತ್ತದೆ. ಹೀಗಾಗಿ ಕಡಲಿನ ಆರೋಗ್ಯ ತಿಳಿಯಬೇಕಾದವರು ಪಚ್ಚಿಲೆಯನ್ನು ವಿಚಾರಿಸುತ್ತಾರೆ.

ನಳಿನಾಕ್ಷಿ ಕೆಲಸಕ್ಕೆ ಸೇರಿದಾಗಿನಿಂದ ವಿಚಾರಿಸಿದ್ದು ಹಳೆಯ ಕ್ರಮದಲ್ಲಿ. ಒಂದು ಬುಟ್ಟಿ ಪಚ್ಚಿಲೆ ತರಿಸುವುದು, ಚಿಪ್ಪು ಬಿಡಿಸುವುದು, ಮಾಂಸ ಒಣಗಿಸಿ ಎಲ್ಲವನ್ನೂ ಒಟ್ಟಿಗೆ ಪುಡಿ ಮಾಡುವುದು, ಆಮ್ಲದಲ್ಲಿ ಕರಗಿಸಿ ಸೀಸವೆಷ್ಟು ಎಂದು ಅಳೆಯುವುದು. ಒಂದು ಬುಟ್ಟಿಗೆ ಒಂದು ಉತ್ತರ. ಆ ಉತ್ತರದ ಮೇಲೆ ಅವಳ ಹೆಸರು, ಅವಳ ಬಡ್ತಿ, ಜಿಲ್ಲೆಯಲ್ಲಿ ಅವಳ ಮಾತಿಗಿದ್ದ ತೂಕ ಎಲ್ಲ ನಿಂತಿತ್ತು.

ಸುಪ್ರಭಾಳ ಯಂತ್ರಕ್ಕೆ ಪುಡಿಯೂ ಬೇಡ, ಆಮ್ಲವೂ ಬೇಡ. ಕ್ಷ-ಕಿರಣ ತಾಗಿದಾಗ ಪ್ರತಿಯೊಂದು ಲೋಹವೂ ತನ್ನದೇ ಆದ ಒಂದು ಕಿರಣವನ್ನು ಮರಳಿ ಬಿಡುತ್ತದೆ. ಸೀಸದ್ದು ಒಂದು ಬಗೆ, ಪಾದರಸದ್ದು ಇನ್ನೊಂದು. ಇದು ಹಳೆಯ ವಿದ್ಯೆಯೇ, ಆದರೆ ಮೊದಲು ಅದಕ್ಕೆ ಬಂಗಲೆಯಷ್ಟು ದೊಡ್ಡ ಯಂತ್ರ ಬೇಕಿತ್ತು, ಸತ್ತ ಜೀವಿಯ ತೆಳ್ಳನೆ ಚೂರು ಬೇಕಿತ್ತು. ಈಗ ಮೇಜಿನ ಮೇಲೆ ಇಡುವಂಥ ಪೆಟ್ಟಿಗೆ. ಅಂಗೈಯಗಲದ ತಟ್ಟೆಯ ಮೇಲೆ ಪಚ್ಚಿಲೆ ಇಟ್ಟರೆ ಸಾಕು. ಕಿರಣ ಎಷ್ಟು ಮೃದುವೆಂದರೆ ಪಚ್ಚಿಲೆಗೆ ಗೊತ್ತೇ ಆಗುವುದಿಲ್ಲ. ದಪ್ಪ ಚಿಪ್ಪಿನ ಸುಣ್ಣ ಅಡ್ಡ ಬರುತ್ತದಲ್ಲ, ಅದನ್ನು ಚಿತ್ರದಿಂದ ಕಳೆದು ಹಾಕುವ ಲೆಕ್ಕ ಕಂಡುಹಿಡಿದವಳು ಸುಪ್ರಭಾ. ಪತ್ರಿಕೆಯವರು ಅದಕ್ಕೆ ಲೋಹಗನ್ನಡಿ ಎಂದು ಹೆಸರಿಟ್ಟರು. ನಳಿನಾಕ್ಷಿಗೆ ಆ ಹೆಸರು ಕೇಳಿದರೂ ಮೈ ಪರಚಿಕೊಳ್ಳುವಂತಾಗುತ್ತಿತ್ತು. ಹೆಸರು ಚೆನ್ನಾಗಿತ್ತು, ಅದೇ ತೊಂದರೆ.

ಮೊದಲ ದಿನ ಎಲ್ಲರೂ ಪರದೆಯ ಮುಂದೆ ನೆರೆದಿದ್ದರು.

“ಅತ್ತಿಗೆ, ಮುಂದೆ ಬನ್ನಿ. ನೀವೇ ಮೊದಲು ನೋಡ್ಬೇಕು,” ಎಂದು ಸುಪ್ರಭಾ ಕೈ ಹಿಡಿದು ಎಳೆದಳು. ಕೇಂದ್ರದಲ್ಲಿ ಎಲ್ಲರೂ ಮೇಡಂ ಎನ್ನುವಾಗ ಇವಳೊಬ್ಬಳು ಅತ್ತಿಗೆ ಎನ್ನುತ್ತಿದ್ದಳು. ಅದರಲ್ಲಿ ಪ್ರೀತಿಯೇ ಇತ್ತು, ಆದರೆ ಹಾಗೆ ಕರೆದಾಗಲೆಲ್ಲ ತನ್ನ ಕುರ್ಚಿ ಎರಡಂಗುಲ ತಗ್ಗಿದಂತೆ ನಳಿನಾಕ್ಷಿಗೆ ಅನಿಸುತ್ತಿತ್ತು.

ಪರದೆಯ ಮೇಲೆ ಪಚ್ಚಿಲೆ ಮಸುಕು ನೀಲಿಯಾಗಿ ಮೂಡಿತು. ಕಿವಿರು ಪದರ ಪದರವಾಗಿ ಕಂಡಿತು. ಮೂತ್ರಪಿಂಡದ ಜಾಗದಲ್ಲಿ ಕಿತ್ತಳೆ ಬಣ್ಣದ ಕಾಳುಗಳು. ಅದು ಸೀಸ. ಪಚ್ಚಿಲೆ ತನಗೆ ಬೇಡದ ಸೀಸವನ್ನು ಸಣ್ಣ ಸಣ್ಣ ಕಾಳುಗಳಾಗಿ ಕಟ್ಟಿ ಮೂಲೆಗೆ ತಳ್ಳಿತ್ತು. ಪುಸ್ತಕದಲ್ಲಿ ಓದಿದ್ದನ್ನು, ಪಾಠ ಹೇಳಿದ್ದನ್ನು, ನಳಿನಾಕ್ಷಿ ಮೊದಲ ಸಲ ಕಣ್ಣಾರೆ ಕಂಡಳು. ನೋಡುತ್ತ ಅವಳ ಕಣ್ಣು ತೇವವಾಯಿತು. ಅದು ಸಂತೋಷಕ್ಕೆ ಎಂದು ಸುಪ್ರಭಾ ತಿಳಿದಳು. ಅರ್ಧ ಸರಿ.

ಕೇಂದ್ರದ ನಿರ್ದೇಶಕ ಗುರುದತ್ತ ಶೆಣೈ, “ಇನ್ನು ನಿಮ್ಮ ಪುಡಿ ಮಾಡುವ ಒರಳು ಮ್ಯೂಸಿಯಮ್ಮಿಗೆ, ನಳಿನಾಕ್ಷಿ,” ಎಂದು ನಕ್ಕರು. ಎಲ್ಲರೂ ನಕ್ಕರು. ನಳಿನಾಕ್ಷಿಯೂ ನಕ್ಕಳು, ನಗದಿದ್ದರೆ ಇನ್ನೂ ಕೆಟ್ಟದಾಗಿ ಕಾಣುತ್ತಿತ್ತು.

ಅವಳ ಕೈಯಲ್ಲಿ ಉಳಿದ ಅಧಿಕಾರ ಒಂದೇ: ಏಕಾದಶಿ. ಕಲ್ಲಿನಿಂದ ಬಿಡಿಸಿ ತಂದ ಪಚ್ಚಿಲೆಯ ಹೊಟ್ಟೆಯಲ್ಲಿ ಕೆಸರು ಇರುತ್ತದೆ. ಅದನ್ನು ಹಾಗೇ ಅಳೆದರೆ ಕೆಸರಿನ ಲೋಹವೂ ಮಾಂಸದ ಲೆಕ್ಕಕ್ಕೆ ಸೇರಿ ಉತ್ತರ ಕೆಡುತ್ತದೆ. ಅದಕ್ಕೆ ಪರೀಕ್ಷೆಗೆ ಮೊದಲು ಪಚ್ಚಿಲೆಯನ್ನು ಸೋಸಿದ ಸಮುದ್ರದ ನೀರಿನ ತೊಟ್ಟಿಯಲ್ಲಿ ಉಪವಾಸ ಇಡುತ್ತಾರೆ. ಹೊಟ್ಟೆ ತಾನಾಗಿ ಖಾಲಿಯಾಗುತ್ತದೆ. ಕೇಂದ್ರದಲ್ಲಿ ಯಾರೋ ತಮಾಷೆಗೆ ಅದನ್ನು ಏಕಾದಶಿ ಎಂದಿದ್ದರು, ಆ ಹೆಸರೇ ಉಳಿಯಿತು. ತೊಟ್ಟಿಯ ಕೋಣೆ ನಳಿನಾಕ್ಷಿಯದು, ಬೀಗದ ಕೈ ಅವಳ ಸೊಂಟದಲ್ಲಿ.

ಮರುದಿನವೇ ಸುಪ್ರಭಾ ಬಂದು ಕೇಳಿದಳು: “ಅತ್ತಿಗೆ, ಕಲ್ಲಿನಿಂದ ತಂದದ್ದನ್ನು ಹಾಗೇ ಒಮ್ಮೆ ಕನ್ನಡಿಯಲ್ಲಿ ನೋಡುವ ಅಂತ. ಏಕಾದಶಿ ಮಾಡಿದ್ದು, ಮಾಡದ್ದು ಎರಡೂ ಹೋಲಿಸ್ಬಹುದಲ್ಲ?”

ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಒಳ್ಳೆಯ ಪ್ರಶ್ನೆಯೇ. ನಳಿನಾಕ್ಷಿಗೂ ಅದು ಗೊತ್ತಿತ್ತು.

“ಏಕಾದಶಿ ಆಗದ್ದು ನನ್ನ ಕೋಣೆಯಿಂದ ಹೊರಗೆ ಹೋಗುದಿಲ್ಲ ಸುಪ್ರಭಾ. ಹೊಟ್ಟೆಯ ಕೆಸರನ್ನು ಮಾಂಸ ಅಂತ ಲೆಕ್ಕ ಹಿಡಿಯುದಾದ್ರೆ ಇಲ್ಲಿ ನಾವೆಲ್ಲ ಎಂತಕ್ಕೆ ಇರುದು?”

“ಆಯ್ತು ಅತ್ತಿಗೆ. ನಿಮಗೆ ಗೊತ್ತಿರ್ತದೆ,” ಎಂದು ಅವಳು ಹೋದಳು. ಅವಳ ಬೆನ್ನು ನೋಡುತ್ತ ನಳಿನಾಕ್ಷಿಗೆ ಬಹಳ ದಿನಗಳ ನಂತರ ಹಾಯೆನಿಸಿತು. ಇಲ್ಲ ಎನ್ನುವುದರಲ್ಲಿ ಇಷ್ಟು ರುಚಿ ಇದೆಯೆಂದು ಅವಳಿಗೆ ಅಲ್ಲಿಯವರೆಗೆ ತಿಳಿದಿರಲಿಲ್ಲ.

ಮನೆಯಲ್ಲಿ ಆ ರುಚಿ ಸಿಗುವಂತಿರಲಿಲ್ಲ. ಅದು ಅಳಿಯಕಟ್ಟಿನ ಮನೆ. ಕಾನೂನು ಎಷ್ಟೇ ಬದಲಾಗಿರಲಿ, ಅತ್ತೆ ಕಲ್ಯಾಣಿಯಮ್ಮನ ಮಟ್ಟಿಗೆ ಮನೆ ಎಂದರೆ ಮಗಳದು. ಸೊಸೆ ಎಷ್ಟು ವರ್ಷ ಅಡುಗೆ ಮಾಡಿದರೂ ಬಂದವಳೇ. ಅವರು ಅದನ್ನು ಬಾಯಿಬಿಟ್ಟು ಹೇಳಿದವರಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಸಾರಿನಲ್ಲಿದ್ದ ಅಂಜಲ್ ಮೀನಿನ ದೊಡ್ಡ ತುಂಡು ಸೌಟಿನಲ್ಲಿ ಎದ್ದು ನೇರವಾಗಿ ಸುಪ್ರಭಾಳ ಬಟ್ಟಲಿಗೆ ಹೋಗುತ್ತಿತ್ತು.

“ನೋಡು, ನಮ್ಮ ಸುಪ್ಪಿಯ ಫೋಟೋ ಮತ್ತೆ ಪೇಪರಲ್ಲಿ,” ಎಂದು ಯಾದವ ಊಟದ ನಡುವೆ ಫೋನ್ ಎತ್ತಿ ತೋರಿಸುತ್ತಿದ್ದ. ಹೆಂಡತಿಯ ಫೋಟೋ ಪತ್ರಿಕೆಯಲ್ಲಿ ಬಂದ ಕಾಲವೂ ಇತ್ತು. ಆಗ ಅವನು, “ಸೀರೆ ಸರಿ ಕಾಣುದಿಲ್ಲ” ಎಂದಷ್ಟೇ ಹೇಳಿದ್ದ.

ಇದನ್ನೆಲ್ಲ ಅವಳು ಸಹಿಸಿಯಾಳು. ಸಹಿಸಲಾಗದ್ದು ಮಗಳು ಪ್ರೇಕ್ಷಾಳದು. ಪಿಯುಸಿ ಓದುವ ಹುಡುಗಿ ಸುಪ್ಪತ್ತೆಯ ಹಾಗೆ ಕೂದಲು ಕತ್ತರಿಸಿಕೊಂಡಳು, ಸುಪ್ಪತ್ತೆಯ ಹಾಗೆ ಮಾತಿನ ಮಧ್ಯೆ ಕನ್ನಡಕ ತೆಗೆದು ಒರೆಸತೊಡಗಿದಳು. ಒಂದು ಸಂಜೆ ಅಮ್ಮನ ಮುಖವನ್ನೇ ನೋಡುತ್ತ, “ನಾನು ದೊಡ್ಡವಳಾದ ಮೇಲೆ ಸುಪ್ಪತ್ತೆ ಮಾಡಿದ ಕೆಲಸವೇ ಮಾಡುದು,” ಎಂದಳು. ಅಮ್ಮನೂ ಅದೇ ಕೇಂದ್ರದಲ್ಲಿ, ಅದೇ ಪಚ್ಚಿಲೆಯ ಮೇಲೆ ಕೆಲಸ ಮಾಡುವವಳೆಂದು ಹುಡುಗಿಗೆ ಹೊಳೆಯಲೇ ಇಲ್ಲ.

ಮಳೆಗಾಲ ಕಳೆದ ಮೇಲೆ ಸುಪ್ರಭಾ ಪಡುಗೋಡಿಯ ಅಳಿವೆಯನ್ನು ಹಿಡಿದಳು. ಹೊಳೆ ಸಮುದ್ರ ಸೇರುವ ಆ ಬಾಯಿಯ ಎರಡೂ ಬದಿಗೆ ಕಲ್ಲುಗಳ ಸಾಲು: ಉತ್ತರದ್ದು ಬಡಗು ಕಲ್ಲು, ದಕ್ಷಿಣದ್ದು ತೆಂಕು ಕಲ್ಲು. ಊರಿನ ಅರ್ಧ ಮನೆಗಳು ಆ ಕಲ್ಲುಗಳ ಪಚ್ಚಿಲೆಯಿಂದ ಉಣ್ಣುತ್ತವೆ. ಲೋಹಗನ್ನಡಿಯಲ್ಲಿ ಬಡಗು ಕಲ್ಲಿನ ಪಚ್ಚಿಲೆಗಳು ಕಿತ್ತಳೆ ಕಾಳುಗಳಿಂದ ತುಂಬಿದ್ದವು. ಅಲ್ಲಿ ಹಿಂದೆಂದೋ ಮುಚ್ಚಿದ, ದೋಣಿಗಳಿಗೆ ಬಣ್ಣ ಬಳಿಯುವ ಅಂಗಳವೊಂದಿತ್ತು. ಅದರ ಸೀಸ ಇನ್ನೂ ಇಳಿಯುತ್ತಿತ್ತು. ತೆಂಕು ಕಲ್ಲಿನವು ಮಾತ್ರ ಶುಭ್ರ, ನೀಲಿ.

ನಳಿನಾಕ್ಷಿಯ ಒರಳಿನಲ್ಲಿ ಬಡಗೂ ತೆಂಕೂ ಒಟ್ಟಿಗೆ ಅರೆದು ಹೋಗಿದ್ದವು. ಸರಾಸರಿ ತೆಗೆದು ಅಳಿವೆ ಪೂರ್ತಿ ಪರವಾಗಿಲ್ಲ ಎಂದು ಅವಳು ವರ್ಷವರ್ಷ ಬರೆದುಕೊಟ್ಟಿದ್ದಳು. ಶೆಣೈಯವರು ಈ ಸಲ ನಗಲೂ ಇಲ್ಲ. “ನೀವು ಎರಡನ್ನೂ ಬೇರೆ ಬೇರೆ ಮಾಡ್ಬೇಕಿತ್ತು,” ಎಂದಷ್ಟೇ ಹೇಳಿದರು. ಅವಳ ಮುಖ ಹುಳ್ಳಗಾಯಿತು.

ತೆಂಕು ಕಲ್ಲು ಸುರಕ್ಷಿತವೆಂದು ಸಾರುವ ಮೊದಲು ಮೇಲಿನವರಿಗೆ ವಿವರಿಸಲು ಶೆಣೈ ಮತ್ತು ಸುಪ್ರಭಾ ಬೆಂಗಳೂರಿಗೆ ಹೋದರು. ಆ ಮಧ್ಯಾಹ್ನ ನಳಿನಾಕ್ಷಿ ಲೋಹಗನ್ನಡಿಯ ಕೋಣೆಗೆ ಹೊಕ್ಕಳು. ಕಲಿಸಿದವಳು ಸುಪ್ರಭಾಳೇ, ಅತ್ತಿಗೆಗೂ ಬರಲಿ ಎಂದು ಪಕ್ಕದಲ್ಲಿ ಕೂರಿಸಿ ಹೇಳಿಕೊಟ್ಟಿದ್ದಳು. ಒಳಗೆ ಬಂದ ಉದ್ದೇಶವನ್ನು ಮುಚ್ಚಿಡುವುದು ಬೇಡ: ತಪ್ಪು ಹುಡುಕುವುದು. ಚಿಪ್ಪು ಕಳೆಯುವ ಲೆಕ್ಕದಲ್ಲಿ ಎಲ್ಲಾದರೂ ಒಂದು ಬಿರುಕು ಸಿಕ್ಕೀತೇ ಎಂಬ ಆಸೆ.

ಅಂದು ತೊಟ್ಟಿಗಳನ್ನು ತೊಳೆಯಲು ಖಾಲಿ ಮಾಡಿದ್ದರು. ಏಕಾದಶಿಯ ಪಚ್ಚಿಲೆ ಒಂದೂ ಇರಲಿಲ್ಲ. ಇದ್ದದ್ದು ಅವಳ ಚೀಲದಲ್ಲಿ, ಬರುವಾಗ ದಾರಿಬದಿಯ ರತ್ನಕ್ಕನಿಂದ ರಾತ್ರಿಯ ಅಡುಗೆಗೆಂದು ತೆಗೆದುಕೊಂಡ ತೆಂಕು ಕಲ್ಲಿನ ಪಚ್ಚಿಲೆ. ನಳಿನಾಕ್ಷಿ ಅದರಲ್ಲೇ ಒಂದನ್ನು ತಟ್ಟೆಯ ಮೇಲಿಟ್ಟಳು.

ಪರದೆಯಲ್ಲಿ ನೀಲಿ ಮೂಡಿತು. ಆಮೇಲೆ ನೀಲಿಯ ನಡುವೆ, ಹೊಟ್ಟೆಯಿಂದ ಕರುಳಿನ ಉದ್ದಕ್ಕೂ, ಉರಿಯುವ ಕಿತ್ತಳೆ ಗೆರೆ ಎದ್ದಿತು.

ಇನ್ನೊಂದು ಇಟ್ಟಳು. ಮತ್ತೊಂದು. ಎಲ್ಲದರಲ್ಲೂ ಮಾಂಸ ಶುಭ್ರ, ಹೊಟ್ಟೆ ತುಂಬ ಸೀಸ.

ಕಾರಣ ತಿಳಿಯಲು ಅವಳಿಗೆ ಬಹಳ ಹೊತ್ತು ಬೇಕಾಗಲಿಲ್ಲ. ಹೂಳೆತ್ತಿ ಅಳಿವೆಯನ್ನು ಆಳ ಮಾಡುವ ಹಡಗು ಬಂದು ನಿಂತಿತ್ತು. ಬಡಗಿನ ಹೂಳನ್ನು ಎತ್ತಿ ತೆಂಕಿಗೆ ಸುರಿಯುತ್ತಿತ್ತು. ತೆಂಕಿನ ಪಚ್ಚಿಲೆ ಆ ಹೂಳನ್ನು ನುಂಗುತ್ತಿದೆ, ಇನ್ನೂ ಮೈಗೆ ಹತ್ತಿಸಿಕೊಂಡಿಲ್ಲ. ತೊಟ್ಟಿಯಲ್ಲಿ ಏಕಾದಶಿಗೆ ಕೂತಾಗ ಅಷ್ಟನ್ನೂ ಹೊರಗೆ ಹಾಕಿ ಕನ್ನಡಿಯ ಮುಂದೆ ಸ್ನಾನ ಮಾಡಿದವರ ಹಾಗೆ ಬರುತ್ತದೆ. ಆದರೆ ಊರಿನವರು ಪಚ್ಚಿಲೆಗೆ ಏಕಾದಶಿ ಮಾಡಿಸಿ ತಿನ್ನುವುದಿಲ್ಲವಲ್ಲ. ಬೆಳಗ್ಗೆ ಕಲ್ಲಿನಿಂದ ಬಿಡಿಸಿದ್ದು ಮಧ್ಯಾಹ್ನ ಹೊಟ್ಟೆ ಸಮೇತ ಪಾತ್ರೆಗೆ ಬೀಳುತ್ತದೆ.

ಒಬ್ಬ ವಿಜ್ಞಾನಿಗೆ ಆ ಕ್ಷಣ ಎದೆ ಝಲ್ಲೆನ್ನಬೇಕಿತ್ತು. ನಳಿನಾಕ್ಷಿಗೆ ಖುಷಿಯಾಯಿತು. ಸಿಕ್ಕಿಬಿದ್ದಳು ಮಹಾರಾಣಿ! ಏಕಾದಶಿಯ ನಿಯಮ ಹಿಡಿದು ಕೂತವಳು ತಾನೇ, ಹಸಿ ಪಚ್ಚಿಲೆ ನೋಡುವ ಎಂದು ಕೇಳಿದವಳು ಸುಪ್ರಭಾ ಎಂಬುದು ನೆನಪಾಗದೆ ಇರಲಿಲ್ಲ. ನೆನಪನ್ನು ಅವಳು ಕೂಡಲೇ ಬದಿಗೆ ತಳ್ಳಿದಳು.

ಈಗಲೇ ಹೇಳಿದರೆ ಏನಾಗುತ್ತದೆ? “ಒಳ್ಳೆ ಕೆಲಸ ಅತ್ತಿಗೆ,” ಎಂದು ಅವಳು ತನ್ನ ವರದಿ ತಿದ್ದಿಕೊಳ್ಳುತ್ತಾಳೆ, ಇನ್ನಷ್ಟು ಹೊಗಳಿಸಿಕೊಳ್ಳುತ್ತಾಳೆ. ಸಾರಲಿ. ಊರಿಗೆಲ್ಲ ಸಾರಿದ ಮೇಲೆ ಚಳಿಗಾಲದಲ್ಲಿ ಕೊಚ್ಚಿಯಲ್ಲಿ ಸಮ್ಮೇಳನವಿದೆ. ದೇಶದ ದೊಡ್ಡವರೆಲ್ಲ ಕುಳಿತಿರುವಾಗ ಎದ್ದು ನಿಂತು ಮೆತ್ತಗೆ ಒಂದೇ ಒಂದು ಪ್ರಶ್ನೆ ಕೇಳಿದರೆ ಸಾಕು. ಅಲ್ಲಿಯವರೆಗೆ ಊರಿನವರು ತಿನ್ನುವುದು ಎಷ್ಟು? ಸೀಸ ಒಂದು ದಿನಕ್ಕೆ ಕೊಲ್ಲುವ ವಿಷವಲ್ಲ. ಹೀಗೆಲ್ಲ ತನಗೆ ತಾನೇ ಹೇಳಿಕೊಂಡು ಅವಳು ತಟ್ಟೆ ಒರೆಸಿದಳು. ಚೀಲದ ಪಚ್ಚಿಲೆಯನ್ನು ಕೇಂದ್ರದ ಹಿಂದೆ ಸಮುದ್ರಕ್ಕೆ ಸುರಿದು, ಮನೆಗೆ ಬಂಗುಡೆ ಮೀನು ಒಯ್ದಳು.

ಸುಪ್ರಭಾ ಸಾರಿದಳು. ಪಂಚಾಯತಿಯ ಸಭಾಂಗಣದಲ್ಲಿ ಜನ ಹಿಡಿಸದೆ ಕಿಟಕಿಗೆ ಜೋತುಬಿದ್ದರು. ಬಡಗು ಕಲ್ಲಿಗೆ ಕೆಂಪು ಬಾವುಟ ಬಿತ್ತು. ಅಲ್ಲೇ ಹುಟ್ಟಿನಿಂದ ಪಚ್ಚಿಲೆ ಬಿಡಿಸಿ ಬದುಕಿದವರು ದೋಣಿ ಹತ್ತಿ ತೆಂಕಿಗೆ ಹೋಗಬೇಕಾಯಿತು. ತೆಂಕಿನವರು ನಮ್ಮ ಕಲ್ಲಿಗೆ ಕೈ ಹಾಕಬೇಡಿ ಎಂದು ಜಗಳಕ್ಕೆ ಬಂದರು, ಆಮೇಲೆ ಜಾಗ ಹಂಚಿಕೊಂಡರು. ಹೋಟೆಲುಗಳು “ತೆಂಕು ಕಲ್ಲಿನದು” ಎಂದು ಬೋರ್ಡು ಹಾಕಿದವು. ಕನ್ನಡಿಯಲ್ಲಿ ನೋಡಿದ ಪಚ್ಚಿಲೆ, ರಕ್ತ ಆಗ್ತದೆ ಎಂದು ಬಾಣಂತಿಯರಿಗೂ ಮಕ್ಕಳಿಗೂ ತಿನ್ನಿಸತೊಡಗಿದರು. ಮೊದಲು ತಿನ್ನದವರೂ ತಿಂದರು.

ರತ್ನಕ್ಕನೂ ಬಡಗಿನವಳೇ, ಮೊದಲು ಎರಡೂ ಕಲ್ಲಿನದನ್ನು ಮಾರುತ್ತಿದ್ದವಳು ಈಗ ತೆಂಕಿನದನ್ನು ಮಾತ್ರ ಮಾರುತ್ತಿದ್ದಳು. ಪಕ್ಕದಲ್ಲಿ ಗೋಣಿಯ ಮೇಲೆ ಕುಳಿತು ಅವಳ ಮೊಮ್ಮಗಳು ಧನ್ವಿ ಖಾಲಿ ಚಿಪ್ಪುಗಳನ್ನು ಸಾಲಾಗಿ ಜೋಡಿಸುತ್ತಿತ್ತು.

“ನಳಿನಕ್ಕ, ಇವತ್ತು ಬೇಡ್ವಾ? ಫ್ರೆಶ್ ಉಂಟು.”

“ಇವತ್ತು ಬೇಡ ರತ್ನಕ್ಕ.”

“ನಿನ್ನೆಯೂ ಬೇಡ ಅಂದ್ರಿ. ಹೆದರ್ಬೇಡಿ ಅಕ್ಕ, ನಿಮ್ಮ ನಾದಿನಿಯವರೇ ಒಳ್ಳೇದುಂಟು ಅಂತ ಹೇಳಿದ್ದಲ್ವಾ? ಅವರು ನಮ್ಮ ಪಾಲಿಗೆ ದೇವ್ರ ಹಾಗೆ ಬಂದದ್ದು.”

ಆ ಕೊನೆಯ ಮಾತು ಇರದಿದ್ದರೆ ನಳಿನಾಕ್ಷಿ ಅಂದು ಬಾಯಿ ಬಿಡುತ್ತಿದ್ದಳೋ ಏನೋ. ಕೇಳಿದ ಮೇಲೆ ತುಟಿ ಬಿಗಿದುಕೊಂಡು ನಡೆದಳು. ಮನೆಯಲ್ಲಿ ಪ್ರತಿದಿನ ಬಂಗುಡೆ, ಬೂತಾಯಿ, ಇಲ್ಲವೇ ಮೊಟ್ಟೆ. ಪಚ್ಚಿಲೆ ಯಾಕಿಲ್ಲ ಎಂದು ಅತ್ತೆ ಕೇಳಿದರೆ, ಸಿಗಲಿಲ್ಲ ಎಂದಳು.

ಒಮ್ಮೆ ಅವಳು ಹೇಳಿಯೇ ಬಿಡುವುದೆಂದು ಸುಪ್ರಭಾಳ ಕೋಣೆಯ ಬಾಗಿಲವರೆಗೆ ಹೋದಳು. ರಾಜ್ಯದ ಪ್ರಶಸ್ತಿ ಬಂದ ಸುದ್ದಿ ಅದೇ ಆಗ ಮುಟ್ಟಿತ್ತು. ಒಳಗೆ ಪ್ರೇಕ್ಷಾ ಸುಪ್ಪತ್ತೆಯ ಮಡಿಲಲ್ಲಿ ತಲೆಯಿಟ್ಟು ಮಲಗಿದ್ದಳು. ಸುಪ್ರಭಾ ಅವಳ ತಲೆಗೆ ಎಣ್ಣೆ ಹಚ್ಚುತ್ತಿದ್ದಳು. ಅಮ್ಮ ಎಣ್ಣೆ ಹಚ್ಚುತ್ತೇನೆ ಎಂದರೆ ಓಡುವ ಹುಡುಗಿ! ನಳಿನಾಕ್ಷಿ ಬಂದ ಸದ್ದಾಗದಂತೆ ಹಿಂದಿರುಗಿದಳು. ಕೊಚ್ಚಿಗೆ ಇನ್ನು ಹೆಚ್ಚು ದಿನವಿಲ್ಲ ಎಂದುಕೊಂಡಳು.

ಪ್ರಶಸ್ತಿಯ ಸಂತೋಷಕ್ಕೆ ಭಾನುವಾರ ಮನೆಯಲ್ಲಿ ಊಟವಿಟ್ಟರು. ಶೆಣೈ ಬಂದರು, ನೆರೆಯವರು ಬಂದರು. ನಳಿನಾಕ್ಷಿ ಬೆಳಗ್ಗೆಯಿಂದ ಕೋಳಿ ಸುಕ್ಕ, ನೀರುದೋಸೆ ಎಂದು ಒಲೆಯ ಮುಂದೆ ಬೆಂದಳು. ಎಲೆ ಹಾಕುವ ಹೊತ್ತಿಗೆ ರತ್ನಕ್ಕ ಮೊಮ್ಮಗಳ ಕೈ ಹಿಡಿದು ಬಂದಳು. ಅವಳ ಸೊಂಟದಲ್ಲಿ ದೊಡ್ಡದೊಂದು ಪಾತ್ರೆ.

“ತೆಂಕು ಕಲ್ಲಿದ್ದು ಸುಪ್ರಭಕ್ಕ, ನಾನೇ ಬಿಡಿಸಿ ಸುಕ್ಕ ಮಾಡಿದ್ದು. ನಿಮಗೆ ಕೊಡದೆ ಯಾರಿಗೆ ಕೊಡುದು?”

ಕಲ್ಯಾಣಿಯಮ್ಮನ ಮುಖ ಅರಳಿತು. “ಎಷ್ಟು ದಿನ ಆಯ್ತು ಮಾರಾಯ್ತಿ ಪಚ್ಚಿಲೆ ತಿಂದು! ಹಾಕು, ಹಾಕು.” ಸೌಟು ಎಲೆಯಿಂದ ಎಲೆಗೆ ನಡೆಯಿತು. ಪ್ರೇಕ್ಷಾಳ ಎಲೆಗೆ ಎರಡು ಸೌಟು ಬಿತ್ತು.

“ಅದು ತಿನ್ಬೇಡಿ,” ಎಂದಳು ನಳಿನಾಕ್ಷಿ.

ಯಾರೂ ಕೇಳಿಸಿಕೊಳ್ಳಲಿಲ್ಲ. ಅವಳು ಇನ್ನೊಮ್ಮೆ ಜೋರಾಗಿ ಹೇಳಿದಳು. ಈಗ ಎಲ್ಲರ ಕೈ ನಿಂತಿತು.

“ತೆಂಕು ಕಲ್ಲು ಸರಿ ಇಲ್ಲ. ಅದರ ಹೊಟ್ಟೆಯಲ್ಲಿ ಸೀಸ ಉಂಟು.”

ಯಾದವ ತಗ್ಗಿದ ದನಿಯಲ್ಲಿ, “ಇವತ್ತೊಂದು ದಿನ ಬಿಡು ಮಾರಾಯ್ತಿ,” ಎಂದ. ಶೆಣೈ ಲೋಟದ ನೀರನ್ನೇ ನೋಡಿದರು. ಸುಪ್ರಭಾ ನಗಲು ಪ್ರಯತ್ನಿಸಿದಳು. “ಎಂತ ಅತ್ತಿಗೆ ಹಾಗೆ ಹೇಳ್ತೀರಿ? ನಿಮ್ಮದೇ ತೊಟ್ಟಿಯಿಂದ ತಂದದ್ದನ್ನೇ ಅಲ್ವಾ ನಾನು ನೋಡಿದ್ದು?”

“ಅಮ್ಮನಿಗೆ ಹೊಟ್ಟೆಕಿಚ್ಚು ಸುಪ್ಪತ್ತೆ. ನಿಮಗೆ ಗೊತ್ತಿಲ್ವಾ? ಮನೆಯಲ್ಲಿ ಎಲ್ಲರಿಗೂ ಗೊತ್ತುಂಟು,” ಎಂದಳು ಪ್ರೇಕ್ಷಾ. ಹೇಳಿ, ಅಮ್ಮನ ಕಣ್ಣನ್ನೇ ನೋಡುತ್ತ, ಒಂದು ಪಚ್ಚಿಲೆಯನ್ನು ಎತ್ತಿ ಬಾಯಿಯ ಹತ್ತಿರ ಒಯ್ದಳು.

ನಳಿನಾಕ್ಷಿ ಆ ಕೈಯನ್ನು ಹೊಡೆದು ಕೆಳಗಿಳಿಸಿದಳು. ಸುಕ್ಕದ ಮಸಾಲೆ ಗೋಡೆಗೆ ಸಿಡಿಯಿತು. ಸತ್ಯ ಹೇಳಿದರೂ ಯಾರೂ ನಂಬದ ಜಾಗದಲ್ಲಿ ತಾನು ನಿಂತಿದ್ದೇನೆಂದು ಅವಳಿಗೆ ಆಗ ಅರ್ಥವಾಯಿತು. ನಂಬಿಸಲು ಉಳಿದಿದ್ದ ದಾರಿ ಒಂದೇ. ಅದು ಅವಳಿಗೆ ತೀರಾ ಅಸಹ್ಯದ್ದಾಗಿತ್ತು.

“ಹೊಟ್ಟೆಕಿಚ್ಚಿಗೆ ಹೇಳುದಲ್ಲ ಮಗಾ,” ಎಂದಳು. “ಹೊಟ್ಟೆಕಿಚ್ಚಿಗೆ ಇಷ್ಟು ದಿನ ಹೇಳದೆ ಇದ್ದದ್ದು. ನೀವಿಬ್ಬರೂ ಬೆಂಗಳೂರಿಗೆ ಹೋಗಿದ್ರಲ್ಲ ಸುಪ್ರಭಾ, ಆಗ ನಾನು ನಿನ್ನ ಕನ್ನಡಿಯಲ್ಲಿ ನೋಡಿದ್ದೇನೆ, ಏಕಾದಶಿ ಮಾಡದ ಪಚ್ಚಿಲೆ. ಮಾಂಸ ಕ್ಲೀನ್, ಹೊಟ್ಟೆ ಪೂರ್ತಿ ಸೀಸ. ಆ ಹಡಗು ಹೂಳು ತಂದು ಅಲ್ಲಿ ಹಾಕ್ತಾ ಉಂಟು. ನೀನು ಸುರಕ್ಷಿತ ಅಂತ ಹೇಳುವ ಮೊದಲೇ ನನಗೆ ಗೊತ್ತಿತ್ತು. ನೀನು ಬೀಳ್ಲಿ ಅಂತ ಸುಮ್ಮನೆ ಇದ್ದೆ.”

ತನ್ನ ಬಗ್ಗೆಯೇ ಇಂಥ ಮಾತನ್ನು ಯಾರೂ ಸುಳ್ಳಾಗಿ ಹೇಳಿಕೊಳ್ಳುವುದಿಲ್ಲ. ಪ್ರೇಕ್ಷಾ ಎಲೆಯಿಂದ ಹಿಂದೆ ಸರಿದಳು. ಕಲ್ಯಾಣಿಯಮ್ಮ ಬಾಯಲ್ಲಿದ್ದ ತುತ್ತನ್ನು ಅಂಗೈಗೆ ಉಗುಳಿಕೊಂಡರು. ಸುಪ್ರಭಾಳ ಮುಖದ ಬಣ್ಣ ಇಳಿಯಿತು. ಆದರೂ ಅವಳು ಎದ್ದು ಪಾತ್ರೆಗೆ ಮುಚ್ಚಳ ಹಾಕಿದಳು.

ಮಾತಾಡಿದವಳು ರತ್ನಕ್ಕ. ಗದರಲಿಲ್ಲ. ಯಾವುದೋ ಕೂಡದ ಲೆಕ್ಕ ಈಗ ಕೂಡಿದಂತೆ ನಿಧಾನವಾಗಿ 
ಹೇಳಿದಳು:

“ಅದಕ್ಕೇ ನೀವು ನನ್ನ ಹತ್ರ ತೆಕ್ಕೊಳ್ಳದೆ ಹೋಗ್ತಿದ್ದದ್ದು. ನಾನು ಎಣಿಸಿದ್ದು, ನಿಮಗೆ ನನ್ನ ಮೇಲೆ ಎಂತದೋ ಕೋಪ ಅಂತ. ನಿಮ್ಮ ಮಗಳಿಗೆ ಬಂಗುಡೆ. ನನ್ನ ಮಗುವಿಗೆ ನಾನು ದಿನಾ ಅದನ್ನೇ ತಿನ್ನಿಸಿದ್ದೇನೆ ನಳಿನಕ್ಕ. ನಿಮ್ಮ ಕಣ್ಣೆದುರೇ ತಿನ್ನಿಸಿದ್ದೇನೆ.”

ಮರುದಿನ ಸುಪ್ರಭಾ ಅದೇ ಸಭಾಂಗಣದಲ್ಲಿ ನಿಂತು, ಹಸಿ ಪಚ್ಚಿಲೆ ನೋಡದೆ ಮಾತಾಡಿದ್ದು ತನ್ನ ತಪ್ಪೆಂದಳು. ಅತ್ತಿಗೆಯ ಹೆಸರು ಎತ್ತಲಿಲ್ಲ. ಹಡಗು ನಿಂತಿತು, ತೆಂಕಿಗೂ ಕೆಂಪು ಬಾವುಟ ಬಿತ್ತು. ಕೆಲವರು ಬೈದರು, ಒಬ್ಬ ಚಪ್ಪಲಿ ಎತ್ತಿದ. ಆದರೆ ಹೆಚ್ಚಿನವರು, ತಪ್ಪನ್ನು ಒಪ್ಪಿಕೊಳ್ಳಲು ಎದೆಗಾರಿಕೆ ಬೇಕು ಎಂದುಕೊಂಡೇ ಹೊರಟರು. ಹಿಂದಿನ ಸಾಲಿನಲ್ಲಿ ಕುಳಿತ ನಳಿನಾಕ್ಷಿ ಅದನ್ನು ಕೇಳಿಸಿಕೊಂಡಳು. ನಾಚಿಕೆಯಿಂದ ತಲೆಯೆತ್ತಲಾಗದೆ ಕುಳಿತಿದ್ದಾಗಲೂ ಅವಳ ಹೊಟ್ಟೆ ಉರಿಯಿತು. ಬಿದ್ದರೂ ಇವಳು ಎತ್ತರಕ್ಕೇ ಬೀಳುತ್ತಾಳಲ್ಲ ಎನಿಸಿತು.

ಸಭೆ ಮುಗಿದು ಕೇಂದ್ರಕ್ಕೆ ಬಂದರೆ ಬಾಗಿಲಲ್ಲಿ ರತ್ನಕ್ಕ ಧನ್ವಿಯನ್ನು ಎತ್ತಿಕೊಂಡು ನಿಂತಿದ್ದಳು.

“ಇವಳ ಕೈಯನ್ನು ಕನ್ನಡಿಯಲ್ಲಿ ಇಡಿ.”

“ರತ್ನಕ್ಕ, ಅದು ಮನುಷ್ಯರಿಗೆ ಮಾಡಿದ್ದಲ್ಲ. ಆಸ್ಪತ್ರೆಗೆ ಹೋಗಿ ರಕ್ತ ಪರೀಕ್ಷೆ ಮಾಡಿಸುವ,” ಎಂದರು ಶೆಣೈ.

“ಅದೂ ಮಾಡಿಸ್ತೇನೆ. ಮೊದಲು ನನಗೆ ನೋಡ್ಬೇಕು. ಪಚ್ಚಿಲೆಯನ್ನು ನೋಡ್ತದೆ, ನನ್ನ ಮಗುವನ್ನು ನೋಡುದಿಲ್ವಾ?”

ಕಿರಣ ಹಲ್ಲಿನ ಕ್ಷ-ಕಿರಣಕ್ಕಿಂತಲೂ ಮೃದು. ಅಂಗೈಯಗಲದ ತಟ್ಟೆಯಲ್ಲಿ ಮಗುವಿನ ಕೈ ಹಿಡಿಯುತ್ತಿತ್ತು. ಸುಪ್ರಭಾ ಶೆಣೈಯವರ ಮುಖ ನೋಡಿದಳು, ಅವರು ಬೇಡವೆನ್ನಲಿಲ್ಲ. ಮಗು ಹೆದರಿ ಕೈ ಹಿಂದಕ್ಕೆಳೆಯಿತು. ಹಿಡಿದುಕೊಳ್ಳಲು ನಳಿನಾಕ್ಷಿ ಮುಂದೆ ಬಂದಳು.

“ನೀವು ಬೇಡ. ಸುಪ್ರಭಕ್ಕ, ನೀವು ಹಿಡೀರಿ,” ಎಂದಳು ರತ್ನಕ್ಕ.

ಸುಪ್ರಭಾ ಹಿಡಿದಳು. ಬೇರೆ ಯಾರಿಗೂ ಬರುವುದಿಲ್ಲವಾದ್ದರಿಂದ ಗುಂಡಿ ಒತ್ತುವ ಕೆಲಸ ನಳಿನಾಕ್ಷಿಗೆ ಬಂತು.

ಪರದೆಯ ಮೇಲೆ ಪುಟ್ಟ ಕೈ ಮಸುಕು ನೀಲಿಯಾಗಿ ಮೂಡಿತು. ಸೀಸ ಮನುಷ್ಯರ ಮೈ ಸೇರಿದರೆ ಎಲುಬಿನಲ್ಲಿ ಹೋಗಿ ಕೂರುತ್ತದೆ. ಬೆರಳಿನ ಗಂಟುಗಳಲ್ಲಿ, ಎಲುಬು ಬೆಳೆಯುವ ತುದಿಗಳಲ್ಲಿ, ಸಣ್ಣ ಸಣ್ಣ ಕಿತ್ತಳೆ ಚುಕ್ಕೆಗಳಿದ್ದವು. ಬಹಳವಿರಲಿಲ್ಲ. ಆದರೆ ಇದ್ದವು.

ರತ್ನಕ್ಕ ತುಂಬ ಹೊತ್ತು ನೋಡಿದಳು. “ಇದು ಮೊದಲಿನ ಬಡಗು ಕಲ್ಲಿದ್ದಾ, ಈಗ ತಿಂದ ತೆಂಕಿದ್ದಾ?”

ಸುಪ್ರಭಾ ಅತ್ತಿಗೆಯ ಕಡೆ ತಿರುಗಿದಳು. ಕನ್ನಡಿ ಎಲ್ಲಿ ಎಂದು ತೋರಿಸುತ್ತದೆ, ಎಷ್ಟು ಎಂದು ತೋರಿಸುತ್ತದೆ. ಯಾವಾಗ ಎಂದು ತೋರಿಸುವುದಿಲ್ಲ. ಮೊದಲಿನದು ಎಂದುಬಿಟ್ಟರೆ ನಳಿನಾಕ್ಷಿ ಪಾರಾಗುತ್ತಿದ್ದಳು. ಸುಳ್ಳೆಂದು ಸಾಧಿಸುವವರು ಯಾರೂ ಇರಲಿಲ್ಲ. ಆಸೆ ನಾಲಿಗೆಯ ತುದಿಯವರೆಗೆ ಬಂತು.

“ಗೊತ್ತಾಗುದಿಲ್ಲ ರತ್ನಕ್ಕ,” ಎಂದಳು. “ಎಷ್ಟು ಮೊದಲಿನದ್ದು, ಎಷ್ಟು ನಾನು ಸುಮ್ಮನೆ ಇದ್ದ ದಿನಗಳದ್ದು ಅಂತ ಯಾರಿಗೂ ಹೇಳ್ಲಿಕ್ಕೆ ಆಗುದಿಲ್ಲ. ನನಗೂ ಗೊತ್ತಾಗುದಿಲ್ಲ.”

ಇದು ಅವಳು ಆ ಯಂತ್ರದ ಬಗ್ಗೆ ಹೇಳಿದ್ದ ಮಾತುಗಳಲ್ಲೇ ಅತ್ಯಂತ ಸತ್ಯವಾದದ್ದು. ರತ್ನಕ್ಕ ಅವಳನ್ನು ನೋಡಲೇ ಇಲ್ಲ. ಮಗುವಿನ ಕೈ ಹಿಡಿದು ನಿಂತಿದ್ದ ಸುಪ್ರಭಾಳತ್ತ ಮುಖ ಮಾಡಿ, “ಹೌದಾ ಸುಪ್ರಭಕ್ಕ?” ಎಂದು ಕೇಳಿದಳು.

“ಹೌದು, ಅತ್ತಿಗೆ ಹೇಳಿದ್ದು ಸರಿ,” ಎಂದಳು ಸುಪ್ರಭಾ.

ಆಗ ರತ್ನಕ್ಕ ನಂಬಿದಳು.